ಫ್ರಿಜ್ಜಿನ ಮೇಲಿನ ಹತ್ತು ವಾರ

ಮೇ ತಿಂಗಳ ಕೊನೆ. ಕೆಮಿ ಊರಿನ ಪಾರ್ಕಿಂಗ್ ಮೂಲೆಯಲ್ಲಿ
ಕೊಳಕು ಹಿಮದ ಗುಡ್ಡೆಯೊಂದು ಇನ್ನೂ ಕೂತಿತ್ತು,
ಎದ್ದು ಹೋಗಲೊಲ್ಲದ ನೆಂಟನ ಹಾಗೆ.
ವಿರ್ಪಿ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ
ಸ್ಕೇಲಿಟ್ಟು ಗೆರೆ ಎಳೆದಳು: ಹತ್ತು ವಾರ, ಎಪ್ಪತ್ತು ಚೌಕ.
ಹಸಿರು ಪೆನ್ಸಿಲ್ಲು ಬಯಲಿಗೆ, ನೀಲಿ ಪುಸ್ತಕಕ್ಕೆ,
ಕೆಂಪು ಟ್ಯಾಬಿಗೆ.
ಕೆಂಪನ್ನು ಮೊದಲೇ ಮೊಂಡು ಮಾಡಿಟ್ಟಿದ್ದಳು.

ಅವಳ ರಜೆ ನಾಲ್ಕು ವಾರ, ನನ್ನದು ನಾಲ್ಕು.
ಕೂಡಿದರೆ ಎಂಟು. ಉಳಿದ ಎರಡು
ಕಾಗದದಲ್ಲಿ ಬೆಳ್ಳಗೆ ನಿಂತವು,
ಹಾಲುಹಲ್ಲು ಬಿದ್ದ ಜಾಗದ ಹಾಗೆ.
"ಮತ್ತೆ ನಾವು ನಾಲ್ವರೂ ಒಟ್ಟಿಗಿರುವುದು ಯಾವಾಗ?"
ಅವಳು ಪೆನ್ಸಿಲ್ಲಿನ ತುದಿ ಕಚ್ಚಿದಳು.
"ಭಾನುವಾರ," ಎಂದಳು,
"ನಿನಗೆ ಬಸ್ಸಿಲ್ಲದ ಭಾನುವಾರ."

ಸೋಮವಾರ, ಬುಧವಾರ ಈಜು. ಮಂಗಳವಾರ ಗ್ರಂಥಾಲಯ.
ನಡುಹಗಲು ಪಾರ್ಕಿನಲ್ಲಿ ಪುರಸಭೆಯ ಬಿಸಿ ಸೂಪು,
ತಟ್ಟೆ ಚಮಚ ಮಾತ್ರ ಮನೆಯಿಂದಲೇ.
ಜುಲೈಯಲ್ಲಿ ಒಂದೇ ಒಂದು ದಿನ ದೊಡ್ಡ ಚಕ್ರ,
ಟಿಕೆಟ್ಟಿನ ದುಡ್ಡು ಕಾಫಿ ಡಬ್ಬದಲ್ಲಿ, ನಾಣ್ಯ ನಾಣ್ಯ.
ಮಳೆ ಬಂದರೆ ಪಕ್ಕದ ಸಾಲು ನೋಡಿ ಎಂದು ಬಾಣದ ಗುರುತು.

ಈಜು ಎರಡನೆಯ ವಾರಕ್ಕೇ ನಿಂತಿತು: ಕೆರೆಯ ತುಂಬ ಪಾಚಿ.
ಅದೇ ದಿನ ನಮ್ಮ ಬೀದಿ ಅಗೆಯಲು ಹಳದಿ ಜೆಸಿಬಿ ಬಂತು.
ಓಕ್ಕೊಗೆ ಒಂಬತ್ತು. ಬಕೆಟ್ ಬೋರಲು ಹಾಕಿ
ಮೂರು ದಿನ ಅದರೆದುರು ಕೂತ.
ಊಟ ಅಲ್ಲೇ, ಮಾತು ಇಲ್ಲವೇ ಇಲ್ಲ.
"ಇದು ಹಸಿರೋ, ನೀಲಿಯೋ?" ವಿರ್ಪಿಗೆ ಗೊತ್ತಾಗಲಿಲ್ಲ.

ಹಿಲ್ಲಾ ಶಿಳ್ಳೆ ಕಲಿತಳು. ರಾತ್ರಿ ಹನ್ನೊಂದಕ್ಕೆ.
ಆರು ವರ್ಷದವಳಿಗೆ ಮಲಗು ಎಂದು ಯಾವ ಬಾಯಲ್ಲಿ ಹೇಳುವುದು,
ಸೂರ್ಯನೇ ಇನ್ನೂ ಬೀದಿಯಲ್ಲಿರುವಾಗ?
ಕಪ್ಪು ಪರದೆ ಕಟ್ಟಿದೆವು. ಅಂಚಿನ ಸಂದಿನಲ್ಲಿ
ಚೂರಿಯಂಥ ಬೆಳಕು ತೂರಿ ಅವಳ ಮೂಗಿನ ಮೇಲೆ ಕೂತಿತು.

ದೊಡ್ಡ ಚಕ್ರದ ದಿನ ಇಬ್ಬರೂ ಜಗಳವಾಡಿದರು.
ಮನೆಗೆ ಬಂದು ಅಜ್ಜಿಗೆ ಫೋನಿನಲ್ಲಿ ಹೇಳಿದ್ದು
ದಾರಿಯಲ್ಲಿ ಟೈರು ಪಂಚರಾದದ್ದನ್ನು ಮಾತ್ರ.

ಆಮೇಲೆ ಬಿಳಿ ವಾರಗಳು.
ನನ್ನ ಬಸ್ಸಿನ ಮುಂದಿನ ಸೀಟಿನಲ್ಲಿ ಅವರಿಬ್ಬರು,
ತೊಡೆಯ ಮೇಲೆ ತಟ್ಟೆ ಚಮಚ.
ಬಂದರಿನಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಬಂದರಿಗೆ,
ದಿನಕ್ಕೆ ಆರು ಸಲ. ಡಿಪೋದ ಮೇಲಧಿಕಾರಿ ಟೂಲಿಕ್ಕಿ
ಕಿಟಕಿಯಾಚೆ ಏನನ್ನೋ ಬಹಳ ಹೊತ್ತು ನೋಡಿದಳು.
ಓಕ್ಕೊ ನಿಲ್ದಾಣಗಳ ಹೆಸರು ಕೂಗಿದ,
ಇಲ್ಲದ ನಿಲ್ದಾಣಗಳದ್ದೂ.
ಡಯಾಲಿಸಿಸ್ಸಿಗೆ ಹೋಗುವ ಮುದುಕಿಯೊಬ್ಬಳು
ಹಿಲ್ಲಾಗೆ ಬೆರಳಲ್ಲೇ ಉಣ್ಣೆ ಹೆಣೆಯುವುದು ಹೇಳಿಕೊಟ್ಟಳು.
ಎರಡನೆಯ ಶುಕ್ರವಾರದ ಹೊತ್ತಿಗೆ ಆ ಕೆಂಪು ಹುರಿ
ಮುಂಬಾಗಿಲಿನಿಂದ ಹಿಂಬಾಗಿಲಿಗೆ ಮುಟ್ಟಿತ್ತು,
ಹತ್ತುವವರೆಲ್ಲ ಕಾಲೆತ್ತಿ ದಾಟಿದರು.

ಒಂದು ಬೆಳಗ್ಗೆ ಫ್ರಿಜ್ಜಿನ ಮೇಲೆ ಇನ್ನೊಂದು ಕಾಗದ,
ಸೊಟ್ಟ ಗೆರೆ, ಸೊಟ್ಟ ಅಕ್ಷರ:
ಅಪ್ಪ, ದಿನಕ್ಕೆ ಮೂರು ಸಲ ಬರಿಗಾಲು.
ಅಮ್ಮ, ಕೆಂಪು ಅರ್ಧ ಗಂಟೆ ಮಾತ್ರ.
ವಿರ್ಪಿ ಓದಿ, ಮೊಬೈಲನ್ನು ಹಿಟ್ಟಿನ ಡಬ್ಬದ ಹಿಂದೆ ಇಟ್ಟಳು.

ಬಸ್ಸಿಲ್ಲದ ಭಾನುವಾರ ಕೊನೆಗೂ ಬಂತು, ಮಳೆ ಸಮೇತ.
ಬಾಣದ ಗುರುತನ್ನು ಯಾರೂ ನೋಡಲಿಲ್ಲ.
ಖಾಲಿ ಕಾಫಿ ಡಬ್ಬದಲ್ಲಿ ಓಕ್ಕೊ
ಚರಂಡಿಯಿಂದ ಎರಡು ಕಪ್ಪೆ ತಂದ.
ಯಾವುದು ಹೆಚ್ಚು ಭಾರ? ವಾದ ಜೋರಾಯಿತು.
ವಿರ್ಪಿಯೇ ಹಿಟ್ಟು ತೂಗುವ ಯಂತ್ರ ತಂದಿಟ್ಟಳು.
ಒಂದನ್ನಿಟ್ಟರೆ ಹದಿನೇಳು ಗ್ರಾಂ, ಹದಿನೆಂಟು...
ಅಂಕಿ ನಿಲ್ಲುವ ಮೊದಲೇ ಅದು ಸಿಂಕಿನೊಳಗೆ.
ಇನ್ನೊಂದನ್ನಿಡುವಷ್ಟರಲ್ಲಿ ಮೊದಲನೆಯದು ಮೇಜಿನ ಕೆಳಗೆ.
ಎಪ್ಪತ್ತು ಚೌಕ ಗೆರೆ ಹಾಕಿದವಳು
ನೆಲದ ಮೇಲೆ ಅಂಬೆಗಾಲಿಟ್ಟು
ನಗು ತಡೆಯಲಾರದೆ ಬಿಕ್ಕುತ್ತಿದ್ದಳು.

ಮೇಲೆ ಯಂತ್ರ ಸೊನ್ನೆಗೆ ಬಂದು ನಿಂತಿತ್ತು,
ಅದರ ತಟ್ಟೆಯಲ್ಲಿ ನಾಲ್ಕು ಪುಟ್ಟ ಒದ್ದೆ ಗುರುತು.