ಗೊತ್ತಿಲ್ಲ ಎಂಬ ಕಾಲಂ

ಎಫೀ ಮುದುಕಿಯ ಸೊಂಟ ಮುರಿದದ್ದು
ಉತ್ತರದ ಹೆಬ್ಬಾತುಗಳು ಸಾಲ್ವೇ ಖಾರಿಗೆ ಬಂದಿಳಿದ ಮೂರನೆಯ ದಿನ.
ಆಂಬುಲೆನ್ಸಿನ ಬಾಗಿಲು ಮುಚ್ಚುವ ಮುನ್ನ
ನನ್ನ ಕೈಗೆ ಎರಡು ತುರುಕಿದಳು:
ನಾಯಿಯ ಹಗ್ಗ, ಹಕ್ಕಿ ಲೆಕ್ಕದ ಪುಸ್ತಕ.
"ನಾಯಿಗೆ ದಾರಿ ಗೊತ್ತು. ನೀನು ಹಿಂದೆ ಹೋಗು."

ನಾನು ನಲ್ಲಿ ರಿಪೇರಿಯವನು.
ಗೋಡೆಯೊಳಗೆ ನೀರು ತೊಟ್ಟಿಕ್ಕಿದರೆ ಆಚೆ ಮನೆಯಿಂದ ಹೇಳಬಲ್ಲೆ.
ಹಕ್ಕಿಯೆಂದರೆ ಕ್ರಿಸ್‌ಮಸ್ಸಿಗೆ ತಟ್ಟೆಯಲ್ಲಿರುವುದು,
ಅಷ್ಟೇ ಪರಿಚಯ.

ಮೊದಲ ದಿನ ಬರೆದೆ: "ತುಂಬಾ."
ವಾರ್ಡಿನ ದಿಂಬಿಗೊರಗಿ ಓದಿದಳು.
"ತುಂಬಾ ಅಂದರೇನು, ಚಹಾದ ಸಕ್ಕರೆಯೇ?
ಹತ್ತನ್ನು ಎಣಿಸು. ಆ ಹತ್ತರದ್ದೊಂದು ಚಾಪೆ ಮಾಡು ಕಣ್ಣಲ್ಲೇ.
ಮಂದೆಯ ಮೇಲೆ ಹಾಸುತ್ತಾ ಹೋಗು."

ಹಾಸಿದೆ.
ಕೆಸರು ನುಂಗಿದ ಗಂಬೂಟಿನಲ್ಲಿ ನಿಂತು,
ಅವು ಎದ್ದು ಇನ್ನೊಂದೆಡೆ ಕೂತರೆ
ಚಾಪೆ ಸುತ್ತಿ ಮತ್ತೆ ಹಾಸಿದೆ.
ಬಿಳಿ ಮುಖ, ಕರಿ ಕತ್ತು,
ಸಾವಿನ ಮನೆಗೆ ಹೊರಟವರ ಉಡುಪು;
ಬಾಯಿ ಮಾತ್ರ ಸಂತೆಯದು.
ಹಳ್ಳದ ತಿರುವಿನಲ್ಲಿ ನಾಮದ ಕೋಳಿ ಏಳು,
ಜಗಳ ನಡೆಯುತ್ತಿತ್ತು, ಎಂಟೂ ಇರಬಹುದು.
ಕಾಲುವೆಯಂಚಿಗೆ ಬೂದು ಬಕ ಒಂದು,
ಕೂಲಿ ಬಾಕಿಯಿರುವ ಮನೆಯೆದುರು ನಾನು ನಿಲ್ಲುವ ಹಾಗೆ
ನಿಂತಿತ್ತು, ಬಾಗಿಲು ತೆರೆದೀತೆಂದು.

ನವೆಂಬರಿನಲ್ಲೊಂದು ದಿನ ಆಲಿಕಲ್ಲು.
ನಾಯಿಯೂ ಹೊಸ್ತಿಲು ದಾಟಲಿಲ್ಲ.
ಒಲೆಯ ಪಕ್ಕ ಕೂತು ಬರೆದೆ:
ತೆಂಕಣ ಹೊಲ, ಹೆಬ್ಬಾತು, ನಾನೂರ ಹನ್ನೆರಡು.
ಹನ್ನೆರಡು ಸೇರಿಸಿದ್ದು ನಿಜದ ಹಾಗೆ ಕಾಣಲಿ ಎಂದು.

ಎಫೀ ಕನ್ನಡಕ ಏರಿಸಿದಳು.
"ಆವತ್ತು ಹುಣ್ಣಿಮೆಯ ಉಬ್ಬರ.
ಆ ಹೊಲ ಮಧ್ಯಾಹ್ನದವರೆಗೆ ಕಡಲು.
ಏನು ಮೇಯುತ್ತಿದ್ದವು, ನಿನ್ನ ನಾನೂರ ಹನ್ನೆರಡು?"

ಬೈಯಲಿಲ್ಲ. ನರ್ಸಿನಿಂದ ಸ್ಕೇಲು ಇಸಿದುಕೊಂಡು
ಪುಟದ ಬಲಕ್ಕೆ ಉದ್ದನೆಯ ಗೆರೆ ಎಳೆದಳು,
ಮೇಲೆ ಬರೆದಳು: ಗೊತ್ತಿಲ್ಲ.
"ಇದೂ ಲೆಕ್ಕವೇ," ಅಂದಳು, "ಮೂವತ್ತೊಂದು ವರ್ಷ
ಈ ಕಾಲಂ ಇಲ್ಲದೆ ನಾನೂ ಎಷ್ಟು ಬುರುಡೆ ಬಿಟ್ಟಿದ್ದೇನೋ."

ಆಮೇಲೆ ಆ ಕಾಲಂ ತುಂಬಿತು.
ಜೊಂಡಿನೊಳಗೆ ಮುಳುಗಿ ಏಳದೇ ಹೋದದ್ದು.
ಸಂಜೆ, ಹಂಸವೋ ಪ್ಲಾಸ್ಟಿಕ್ಕೋ.
ಉದ್ದ ಕೊಕ್ಕಿನದು, ಅಳುವ ಸೀಟಿ, ಹೆಸರು ಕೇಳಬೇಕು.

ಏಪ್ರಿಲ್. ಎಫೀ ಮನೆಗೆ ಬಂದಿದ್ದಾಳೆ,
ಕಿಟಕಿಯವರೆಗೆ ನಾಲ್ಕು ಕಾಲಿನ ಚೌಕಟ್ಟು ಹಿಡಿದು ನಡೆಯುತ್ತಾಳೆ.
ನಿನ್ನೆ ಬೆಳಿಗ್ಗೆ ಮಂಜು, ನನ್ನ ಕೈಯೇ ನನಗೆ ಕಾಣದು.
ನಾಯಿ ಥಟ್ಟನೆ ನಿಂತು ಕಿವಿ ಎತ್ತಿತು.
ಬರೆದದ್ದು ಇಷ್ಟು:
"ತಲೆಯ ಮೇಲೆ ಹಾದವು. ಬಹಳ ಹೊತ್ತು."

ಎಷ್ಟೆಂದು ಕೇಳಲಿಲ್ಲ ಅವಳು.
"ಎತ್ತ?"
"ಬಡಗಣಕ್ಕೆ."
ಪೆನ್ಸಿಲು ತುಟಿಗೊತ್ತಿ ಸ್ವಲ್ಪ ಕೂತಳು,
ಮತ್ತೆ, ಅಡುಗೆಮನೆ ನಲ್ಲಿ ತೊಟ್ಟಿಕ್ಕುತ್ತಿದೆ ನೋಡು, ಅಂದಳು.
ನನಗಾಗಲೇ ಕೇಳಿಸಿತ್ತು.