ಸುಂಕದವಳ ಮುಂದೆ

ಬೆಳಿಗ್ಗೆ ಕಡ್ಡಿಯ ಹಾಗೆ ಗಡಿ ದಾಟುತ್ತಾಳೆ ದೊನತೀಲ್,
ಸಂಜೆ ನಾಲ್ಕಕ್ಕೆ ಗುಡಾಣದ ಹಾಗೆ ವಾಪಸು.
ಗೋಮಾದ ಗಾಳಿಗೆ ಒಂದೇ ಹಗಲಲ್ಲಿ ಮೈ ಬರುತ್ತದೆಯೇ
ಎಂದರೆ ನಗುತ್ತಾಳೆ, ತೋಳು ಇಳಿಬಿಡಲಾಗದೆ,
ಕಂಕುಳಲ್ಲಿ ಅಷ್ಟು ಬಟ್ಟೆ.

ಇತ್ತ ಗಿಸೆನ್ಯಿ, ಅತ್ತ ಗೋಮಾ, ನಡುವೆ ಒಂದು ಗೇಟು,
ಗೇಟಿಗೆ ನಾನು, ನನಗೊಂದು ತಕ್ಕಡಿ.
ಸುಂಕದವರ ಮುಂದೆ ಸುಖದುಃಖ ಹೇಳಬಾರದು ಅನ್ನುತ್ತಾರೆ;
ಹೇಳದೆ ಹೋದವರನ್ನು ನಾನಿನ್ನೂ ನೋಡಿಲ್ಲ.

ಪರದೆಯ ಹಿಂದೆ ಬಿಚ್ಚಿಸುತ್ತೇನೆ, ಈರುಳ್ಳಿ ಸುಲಿದಂತೆ:
ಯಾವುದೋ ಚಳಿದೇಶದ ಉಣ್ಣೆಯ ಕೋಟು,
ಅದರಡಿ ಒಂಬತ್ತನೇ ನಂಬರಿನ ಫುಟ್‌ಬಾಲ್ ಅಂಗಿ,
ಅದರಡಿ, ಯಾರದೋ ಮದುವೆಗೆ ಗೆಳತಿ ಒಮ್ಮೆ ತೊಟ್ಟು ಬಿಟ್ಟ
ಪಿಸ್ತಾ ಬಣ್ಣದ ಗೌನು.
ಕೋಟಿನ ಜೇಬಲ್ಲಿ ಟ್ರಾಮಿನ ಟಿಕೆಟ್ಟು,
ಮಗುವಿನ ಒಂದೇ ಒಂದು ಕೈಗವಸು.
ಸುಂಕ ಕಿಲೋ ಲೆಕ್ಕ. ಒದ್ದೆ ಬಟ್ಟೆ ಹೆಚ್ಚು ತೂಗುತ್ತದೆ.
ಬೆವರಿನ ತೂಕ ಕಳೆಯಲು ಫಾರಮ್ಮಿನಲ್ಲಿ ಜಾಗವಿಲ್ಲ.

ಮೊದಲು ಹೀಗಿರಲಿಲ್ಲ. ಬೇಲುಗಳು ಲಾರಿಯಲ್ಲಿ
ರಾಜಾರೋಷವಾಗಿ ಬರುತ್ತಿದ್ದವು,
ಒಂದು ಚಿಪ್ಪು ಬಾಳೆಹಣ್ಣಿನ ಬೆಲೆಗೆ ಒಂದು ಷರ್ಟು.
ಆಮೇಲೆ ರಾಜಧಾನಿಯಿಂದ ಕಾಗದ ಬಂತು: ಹನ್ನೆರಡು ಪಟ್ಟು.
ತೂಕದ ಸುಂಕವಲ್ಲವೇ, ಮೊದಲು ಕೋಟು ಮಾಯ,
ಆಮೇಲೆ ಜೀನ್ಸು. ಪೇಟೆಯಲ್ಲಿ ಉಳಿದದ್ದು
ಊದಿದರೆ ಹಾರುವ ಸ್ಕಾರ್ಫು, ಜಾಳು ಟಾಪು.
ಬೆಟ್ಟದ ಮೇಲಿನ ಊರುಗಳಲ್ಲಿ ಜುಲೈ ರಾತ್ರಿಗೆ ಅದೇ ಹೊದಿಕೆ.

ನಾನು ಆ ಕಾಗದವನ್ನು ಮೆಚ್ಚಿದವಳು, ಸುಳ್ಳೇಕೆ ಹೇಳಲಿ.
ಮೂರನೇ ಕ್ಲಾಸಿನಲ್ಲಿ ನನಗಿದ್ದ ಸ್ವೆಟರಿನ ಕತ್ತಿನೊಳಗೆ
ಯಾವಳೋ ತಾಯಿ ಕೆಂಪು ದಾರದಲ್ಲಿ ಹೊಲಿದಿದ್ದಳು: ಇಂಗ್ರಿಡ್.
ವರ್ಷವಿಡೀ ಹುಡುಗರು ನನ್ನನ್ನು ಕರೆದದ್ದು ಹಾಗೆ.
ದಾರ ಬಿಚ್ಚಿದೆ. ಅಕ್ಷರದ ತೂತು ಉಳಿಯಿತು.

ಈಗ ತಂಗಿ ಉಮುಲಿಸಾ ಕಿಗಾಲಿಯ ಫ್ಯಾಕ್ಟರಿಯಲ್ಲಿ
ದಿನಕ್ಕೆ ಇನ್ನೂರು ಕಾಲರು ಕೂರಿಸುತ್ತಾಳೆ.
ನಮ್ಮ ಮನೆತನದಲ್ಲೇ ಮೊದಲ ಪಾಸ್‌ಬುಕ್ಕು ಅವಳದು.
ಅವಳು ಹೊಲಿದ ಅಂಗಿ ಕೊಳ್ಳಲು
ಅವಳೇ ನಾಲ್ಕು ದಿನ ಹೊಲಿಯಬೇಕು.
ಕಡಲಾಚೆಯ ದೇಶ ಮುನಿಸಿಕೊಂಡು
ತನ್ನ ಬಾಗಿಲಿಗೂ ಸುಂಕ ಹಾಕಿತಲ್ಲ, ಆಗ ರಾತ್ರಿ ಪಾಳಿ ನಿಂತಿತು.
ಫೋನಿನಲ್ಲಿ ಅವಳು ಆ ಮಾತೆತ್ತುವುದಿಲ್ಲ. ನಾನೂ ಕೇಳುವುದಿಲ್ಲ.

‘ನಿನ್ನ ತಂಗಿಯ ಜೊತೆ ಎಷ್ಟು ಜನ?’ ದೊನತೀಲ್ ಒಮ್ಮೆ ಕೇಳಿದಳು.
ಆರುನೂರು, ಅಂದೆ, ತುಸು ಜೋರಾಗೇ.
‘ನಮ್ಮ ಮಾರ್ಕೆಟ್ಟಿನ ಸಾಲು, ಬೇಲು ಹೊರುವವರು, ಇಸ್ತ್ರಿಯವರು,
ದೊಡ್ಡವರ ಕೋಟು ಕತ್ತರಿಸಿ ಮಕ್ಕಳ ಅಳತೆಗೆ ತರುತ್ತಿದ್ದ
ಮುದುಕ ಗಸಾನಾ... ನೀನೇ ಎಣಿಸು.’
ಬೆರಳು ಮಡಿಚುತ್ತಾ ನಿಂತೇ ಇದ್ದಳು.
ನನ್ನ ತಕ್ಕಡಿ ಹೊಸ ಕಾಲದ್ದು, ಒಂದೇ ತಟ್ಟೆ.
ಇಟ್ಟದ್ದನ್ನು ತೂಗುತ್ತದೆ. ಇಡದ್ದಕ್ಕೆ ಸೊನ್ನೆ.

ಇವತ್ತು ಐದು ಪದರ ಬಿಚ್ಚಿಸಿ, ಐದು ಎಂದು ಬರೆದೆ.
ಒಳಗೆ ಆರನೆಯದೊಂದು: ಬಿಳಿ ಅಂಗಿ,
ಮಡಿಕೆಯ ಗೆರೆ ಇನ್ನೂ ಮಾಸಿಲ್ಲ.
ಇದೆಲ್ಲಿಯದು? ಕಾಲರು ಮಗುಚಿ ತೋರಿಸಿದಳು,
ನಮ್ಮದೇ ದೇಶದ ಹೆಸರು.
‘ಮಗಳಿಗೆ. ಸೋಮವಾರ ನರ್ಸಿಂಗ್ ಸಂದರ್ಶನ.
ಮನೆಯಲ್ಲಿಟ್ಟರೆ ಗಂಡ ಮಾರಿಬಿಡುತ್ತಾನೆ.’
ಹೊಲಿಗೆ ನೆಟ್ಟಗಿತ್ತು. ಉಮುಲಿಸಾಳ ಕೈಯದೋ ಅಲ್ಲವೋ,
ಹೊಲಿದವಳ ಹೆಸರು ಯಾವ ಕತ್ತಿನಲ್ಲೂ ಇರುವುದಿಲ್ಲ.
ಕಂಕುಳಲ್ಲಿ ಹಳದಿ ಬಳೆಯೊಂದು ಮೂಡತೊಡಗಿತ್ತು.
‘ಒಗೆದರೆ ಹೋಗುತ್ತೆ,’ ಅಂದಳು, ನಾನು ಕೇಳುವ ಮೊದಲೇ.

ತೂಗಲಿಲ್ಲ. ಸ್ವದೇಶಿಗೆ ಸುಂಕವಿಲ್ಲ.
ಐದು ಬಟ್ಟೆ ಜಪ್ತಿಯಾದದ್ದಕ್ಕೆ ರಸೀದಿ ಹರಿದು ಕೊಟ್ಟೆ,
ಮತ್ತೆ ಕಡ್ಡಿಯಾಗಿ ನಡೆದುಹೋದಳು.

ಸಾಲಿನಲ್ಲಿ ಮುಂದಿನವಳು ಬಸುರಿ.
ಅಥವಾ ಎರಡು ಕೋಟು.
ಮುಟ್ಟದೆ ಹೇಳಲಾಗದು.