ಗೋಧಿ ಬಣ್ಣ

ಹಂಪನಕಟ್ಟೆಯ ಒಂದು ಸಂದಿಯಲ್ಲಿ, ಮೆಟ್ಟಿಲ ಕೆಳಗೆ,
ಹತ್ತೊಂಬತ್ತು ವರ್ಷದಿಂದ ಮುಖ ತೊಳೆಯುತ್ತಿದ್ದೇನೆ
ನೀರಿಲ್ಲದೆ, ಮೌಸಿನಲ್ಲಿ.

"ಒಂತೆ ಬೊಲ್ದು ಮಲ್ಪುಲೆ" ಎನ್ನುತ್ತಾರೆ ತಾಯಂದಿರು,
ಸ್ವಲ್ಪ ಬಿಳಿ ಮಾಡಿ, ಬಹಳ ಬೇಡ, ಗೊತ್ತಾಗಬಾರದು,
ಮಗಳಿಗೆ ಕೇಳಿಸದ ಹಾಗೆ, ಮಗಳ ಎದುರೇ.
ಬಯೋಡೇಟಾದಲ್ಲಿ ಬರೆಯುವುದು: ಗೋಧಿ ಮೈಬಣ್ಣ.
ಪಣಂಬೂರಿನಿಂದ ಉಳ್ಳಾಲದವರೆಗೆ
ಒಂದು ತೆನೆ ಗೋಧಿ ಕಂಡವರಿದ್ದರೆ ಹೇಳಿ.
ನಾವು ಕುಚ್ಚಲಕ್ಕಿ ಉಂಡವರು.
ಗಂಜಿಯ ಕೆಂಪು, ಮಡಕೆಯ ತಳದ ಮಸಿ,
ಆ ಬಣ್ಣಕ್ಕೆ ಯಾವ ಕಾಲಮ್ಮೂ ಇಲ್ಲ.

ಮಂಗಳವಾರ, ಕರೆಂಟು ಹೋಗಿ ಬಂದ ಹೊತ್ತಿಗೆ
ಒಬ್ಬಳು ಬಂದಳು, ನಲವತ್ತು ದಾಟಿದವಳು.
ಹೊಸದಾಗಿ ಚುಚ್ಚಿದ ಕಿವಿ, ಅದರಲ್ಲಿ ಬೇವಿನ ಕಡ್ಡಿ.
"ಪಾಸ್‌ಪೋರ್ಟ್ ಸೈಜು, ಎಂಟು ಕಾಪಿ."
ಹೆಸರು? ರಶೀದಿಗೆ ಕೇಳಿದೆ.
"ವನಮಾಲಾ. ಮೊದಲು ವಾಮನ.
ಹೊಸತೆಂತ ಇಲ್ಲ, ನೋಡಿ,
ಇದ್ದ ಅಕ್ಷರಗಳನ್ನೇ ಆಚೀಚೆ ಮಾಡಿ
ಒಂದು ಲಾ ಮಾತ್ರ ಕಡ ತಂದದ್ದು."

ಅಭ್ಯಾಸಬಲ. ನನ್ನ ಬೆರಳು ತಾನಾಗಿ
ಅವಳ ಕೆನ್ನೆಯ ಬೆಳಕನ್ನು ಏರಿಸತೊಡಗಿತು.
"ಅದು ಬೇಡ ಮಾರಾಯ್ರೆ.
ಸರಕಾರ ಬಿಳಿ ಕೇಳಿದ್ದು ಹಿನ್ನೆಲೆಗೆ,
ಮುಖಕ್ಕಲ್ಲ."

ಗಲ್ಲದ ಮೇಲೆ ಗಡ್ಡದ ನೀಲಿ ನೆರಳು.
ಇದು?
ಪರದೆಯನ್ನು ತುಂಬ ಹೊತ್ತು ನೋಡಿದಳು.
ಹೊರಗೆ ಕಂಡಕ್ಟರ್ ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್ ಎಂದು ಕೂಗಿ ಹೋದ.
"ಅದೂ ನನ್ನದೇ" ಅಂದಳು. ಮತ್ತೆ,
"ಆದ್ರೆ ತೆಗೀರಿ. ಸ್ವಲ್ಪ. ಪೂರ್ತಿ ಅಲ್ಲ."
ಎಷ್ಟೆಂದರೆ ಸ್ವಲ್ಪ, ನನಗೆ ತಿಳಿಯಲಿಲ್ಲ.
ಮೌಸನ್ನು ಅವಳ ಕೈಗೆ ಕೊಟ್ಟೆ.

ಫಾರಮಿನಲ್ಲಿ ಮೂರು ಚೌಕ,
ಬೆರಳಿನ ಉಗುರಿಗಿಂತ ಸಣ್ಣವು.
ಅವಳ ಪೆನ್ನು ಬರೆಯಲಿಲ್ಲ, ನನ್ನದು ಕೊಟ್ಟೆ.
ಯಾವುದಕ್ಕೆ ಗುರುತು ಹಾಕಿದಳೋ,
ಇಣುಕಬೇಕೆನಿಸಿತು. ಇಣುಕಲಿಲ್ಲ.

ರಾತ್ರಿ ಶಟರ್ ಅರ್ಧ ಎಳೆದು
ನನ್ನ ಮದುವೆಯ ಫೋಟೋ ತೆರೆದೆ.
ಯಾರಪ್ಪಾ ಈ ಬಿಳಿಚಿಕೊಂಡ ಗಂಡಸು,
ಭುಜ ಅಗಲಿಸಿಕೊಂಡು, ಮೀಸೆ ದಪ್ಪ ಮಾಡಿಕೊಂಡು,
ಹೆಂಡತಿಗಿಂತ ಎರಡಿಂಚು ಎತ್ತರ ನಿಂತವನು?
ನಾವಿಬ್ಬರೂ ಒಂದೇ ಎತ್ತರ.
ಎಲ್ಲ ನಾನೇ ಮಾಡಿದ್ದು, ಯಾರೂ ಹೇಳಿರಲಿಲ್ಲ,
ಹೇಳುವ ಅಗತ್ಯವೇ ಇರಲಿಲ್ಲ.
ಮೂಲ ಫೈಲಿಗಾಗಿ ಹುಡುಕಿದೆ.
ಸೇವ್ ಮಾಡಿರಲಿಲ್ಲ.

ಬಾಗಿಲ ಬಳಿ ಗಿರಾಕಿಗಳ ಕನ್ನಡಿ,
ಅದರ ಮೊಳೆಗೆ ದಾರ ಕಟ್ಟಿದ ಬಾಚಣಿಗೆ.
ಲೈಟು ಆರಿಸುವ ಮೊದಲು
ಅಲ್ಲಿ ಸ್ವಲ್ಪ ಹೊತ್ತು ನಿಂತೆ.